ಕುಮಳಿ ದಾಟಿದ್ರೆ ಪಾಂಡಿ, ಹೊಸೂರು ದಾಟಿದ್ರೆ ಕೊಂಗ



2024ರ ಬೇಸಿಗೆ ಶುರುವಾಗೋ ಹೊತ್ತಿಗೆ ಒಂದು ಮಲಯಾಳಂ ಸಿನಿಮಾ ಇಡೀ ತಮಿಳುನಾಡಲ್ಲಿ ವಾರಗಟ್ಟಲೆ ಓಡಿತು. 'ಮಂಜುಮ್ಮಲ್ ಬಾಯ್ಸ್'. ನಮ್ಮ ಥೇಣಿ ಕಡೆ ಅಂತೂ ಹಬ್ಬ. ಯಾಕಂದ್ರೆ ಕತೆ ನಡೆಯೋದು ಪಕ್ಕದ ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲಲ್ಲಿ, ಗುಣಾ ಗುಹೆಯಲ್ಲಿ. ಕೊಚ್ಚಿ ಕಡೆಯ ಹುಡುಗರು 2006ರಲ್ಲಿ ಟೂರಿಗೆ ಬರ್ತಾರೆ, ಒಬ್ಬ ಗುಂಡಿಗೆ ಬೀಳ್ತಾನೆ, ಗೆಳೆಯನೇ ಹಗ್ಗ ಕಟ್ಕೊಂಡು ಇಳಿದು ಎತ್ತಿ ತರ್ತಾನೆ. ನಿಜವಾಗಿ ನಡೆದದ್ದು. ನಾವೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ವಿ.

ಸಿನಿಮಾ ಬಿಟ್ಟ ಮೇಲೆ ಟೀ ಅಂಗಡೀಲಿ ನಮ್ಮ ಜೊತೆಗಿದ್ದ ಅಕ್ಕನ ಮಗ ಮಾತೇ ಆಡ್ತಿರಲಿಲ್ಲ. ಅವನು ದಿನಾ ಬೆಳಗಿನ ಜಾವ ಜೀಪು ಹತ್ತಿ ಘಟ್ಟದ ಮೇಲೆ ಇಡುಕ್ಕಿ ಕಡೆ ಏಲಕ್ಕಿ ತೋಟಕ್ಕೆ ಹೋಗಿ ಸಂಜೆ ಬರೋನು. ಏನಾಯ್ತೋ ಅಂದ್ವಿ. "ಮಾವ, ಆ ಪೊಲೀಸ್ ಸ್ಟೇಷನ್ ಸೀನಲ್ಲಿ ನಾನು ಯಾರ ಕಡೆ ಇರಬೇಕು ಅಂತಾನೇ ಗೊತ್ತಾಗಲಿಲ್ಲ" ಅಂದ.

ಆ ಸೀನು ನೆನಪಿದೆಯಲ್ಲ? ಗೆಳೆಯ ಗುಂಡಿಗೆ ಬಿದ್ದಿದ್ದಾನೆ ಅಂತ ಓಡಿ ಬಂದು ಹೇಳಿದ ಹುಡುಗರನ್ನೇ ತಮಿಳು ಪೊಲೀಸರು ಅನುಮಾನ ಪಟ್ಟು ಹೊಡೀತಾರೆ. ಬೇರೆ ರಾಜ್ಯದ ಹುಡುಗರು, ಬೇರೆ ಭಾಷೆ, ಅಷ್ಟೇ ಸಾಕು. ನಮ್ಮ ಹುಡುಗನ ಸಂಕಟ ಅಲ್ಲೇ ಇರೋದು. ಘಟ್ಟದ ಮೇಲೆ ಚೆಕ್‌ಪೋಸ್ಟಲ್ಲಿ ಜೀಪಿಂದ ಇಳಿಸಿ ನಿಲ್ಲಿಸೋದು ಅವನನ್ನ. ಅಲ್ಲಿ ಅವನು 'ಪಾಂಡಿ'. ಪರದೆ ಮೇಲೆ ನೋಡಿದ್ರೆ ಹೊಡೆಯೋನೇ ಪಾಂಡಿ, ಏಟು ತಿನ್ನೋನು ಮಲಯಾಳಿ. ಮನೇಲಿ ಅವನು ಮಾತಾಡೋದು ಕನ್ನಡ. ಅದಂತೂ ಎರಡೂ ಕಡೆಯವರ ಲೆಕ್ಕಕ್ಕೇ ಇಲ್ಲ.

ಈ ಬರಹ ಅಲ್ಲಿಂದ ಶುರುವಾಯ್ತು.

ಕಾಸರಗೋಡಿನ, ತಾಳವಾಡಿಯ, ಹೊಸೂರಿನ ಗೆಳೆಯರಿಗೆ ನಮ್ಮ ಪರಿಚಯ ಒಂದೆರಡು ಮಾತಲ್ಲಿ. ಕಂಬಂ, ಗೂಡಲೂರು, ಕೊಂಬೈ, ಬೋಡಿ ಕಡೆ ಒಕ್ಕಲಿಗರು (ಇಲ್ಲಿ ಕಪ್ಪಿಲಿಯರು ಅಂತಾರೆ), ದಿಂಡಿಗಲ್ ಪಕ್ಕದ ಚಿನ್ನಾಳಪಟ್ಟಿಯಲ್ಲಿ ಮಗ್ಗದ ದೇವಾಂಗರು, ಇನ್ನು ಕುರುಬರು, ಅನುಪ್ಪರು. ಎಷ್ಟೋ ತಲೆಮಾರಿಂದ ಇಲ್ಲೇ ಇದ್ದೀವಿ. ಮನೇಲಿ ಕನ್ನಡ, ಬೀದೀಲಿ ತಮಿಳು, ತೋಟದಲ್ಲಿ ಮಲಯಾಳಂ. ಕಂಬಂನಲ್ಲಿ ದೇವರಿಗೆ ಬಿಟ್ಟ ದನದ ಮಂದೆ ಇದೆ. ಅದನ್ನ ನಮ್ಮವರು 'ದೇವರ ಆವು' ಅಂತ ಕರೀತಾರೆ ಅಂತ 1909ರಲ್ಲೇ ಥರ್ಸ್ಟನ್ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಬೆಂಗಳೂರಲ್ಲಿ ಈಗ ಹಸುವಿಗೆ ಆವು ಅನ್ನೋರು ಎಷ್ಟು ಜನ ಸಿಗ್ತಾರೋ ನೋಡಿ. ಆದ್ರೆ ಕನ್ನಡ ಲಿಪಿ ಓದೋಕೆ ಬರೋರು ನಮ್ಮಲ್ಲಿ ಕಮ್ಮಿ, ಈ ಬರಹವನ್ನೂ ಎಷ್ಟೋ ಮನೆಗಳಲ್ಲಿ ಯಾರಾದ್ರೂ ಓದಿ ಹೇಳಬೇಕು.

ಘಟ್ಟ ಹತ್ತಿ ಕುಮಳಿ ದಾಟಿದ್ರೆ ನಾವು ಪಾಂಡಿ. ಕೆಲಸ ಹುಡುಕ್ಕೊಂಡು ಹೊಸೂರು ದಾಟಿ ಬೆಂಗಳೂರಿಗೆ ಹೋದ್ರೆ ಕೊಂಗ. ಸ್ವಂತ ಊರಲ್ಲಿ ಜಗಳ ಆದ್ರೆ 'ಕನ್ನಡತ್ತಾನ್'. ಮೂರು ಬೈಗುಳಾನೂ ಒಬ್ಬನೇ ಮನುಷ್ಯ ತಿಂದಿರ್ತಾನೆ. ಥ್ರಿಲ್ಲರ್ ಸಿನಿಮಾಗಳಲ್ಲಿ ಚಿಕ್ಕ ಪಾತ್ರಗಳನ್ನ ಎಲ್ಲಿಂದ ಮಾಡ್ತಾರೆ ಗೊತ್ತಾ? ಇಂಥ ಬೈಗುಳಗಳಿಂದ. ಪ್ರೇಕ್ಷಕರ ಬಾಯಲ್ಲಿ ಆಗಲೇ ಇರೋ ಪದಕ್ಕೆ ಒಂದು ಅಂಗಿ, ಒಂದು ಮೀಸೆ, ಒಂದು ರಾಗ ಹಾಕಿ ಪರದೆ ಮೇಲೆ ಬಿಡ್ತಾರೆ.

ಮಂಜುಮ್ಮಲ್ ಬಾಯ್ಸ್ ಕೆಟ್ಟ ಸಿನಿಮಾ ಅಂತ ನಾವು ಹೇಳ್ತಿಲ್ಲ. ಸಹಾಯಕ್ಕೆ ನಿಲ್ಲೋ ತಮಿಳರೂ ಅದರಲ್ಲಿದ್ದಾರೆ, ಆವತ್ತು ಏಟು ಬಿದ್ದದ್ದು ನಿಜ ಅಂತ ಆ ಹುಡುಗರೂ ಹೇಳ್ತಾರೆ. ಆಮೇಲೆ ಆದದ್ದನ್ನ ನೋಡಿ. ತಮಿಳಿನ ದೊಡ್ಡ ಲೇಖಕ ಜೆಯಮೋಹನ್ ಆ ಸಿನಿಮಾ ಬಗ್ಗೆ ಕೋಪದಿಂದ ಬರೆದ್ರು. ಕಾಡಿಗೆ ಬಂದು ಕುಡಿದು ಬಾಟಲಿ ಒಡೆದು ಎಸೆಯೋ ಪುಂಡರನ್ನ ಹೀರೋ ಮಾಡಿದ್ದಾರೆ ಅನ್ನೋದು ಅವರ ಮಾತು. ಬಾಟಲಿ ವಿಷಯ ನಿಜವೇ, ಘಟ್ಟದ ಜನ ನಾವು ದಿನಾ ನೋಡ್ತೀವಿ. ಆದ್ರೆ ಮಾತು ಆ ಹುಡುಗರಲ್ಲಿ ನಿಲ್ಲದೆ ಮಲಯಾಳಿಗಳ ಮೇಲೇ ಹೋಯ್ತು. ಕೇರಳದಲ್ಲಿ ಗಲಾಟೆ ಎದ್ದಿತು. ಹೀಗೆ ಬರೆದವರು ಕನ್ಯಾಕುಮಾರಿ ಜಿಲ್ಲೆಯವರು, ಮಲಯಾಳಂ ಮೂಲದ ಮನೆತನದವರು, ಎರಡೂ ಭಾಷೆಯಲ್ಲಿ ಬರೆಯೋರು. ಅಂದ್ರೆ ನಮ್ಮ ಹಾಗೇ ಗಡಿಯವರು! ಗಡೀಲಿ ಹುಟ್ಟಿದ ಮಾತ್ರಕ್ಕೆ ಯಾರಿಗೂ ಹೆಚ್ಚಿನ ಬುದ್ಧಿ ಬರಲ್ಲ ಅಂತ ಕಾಣುತ್ತೆ, ನಮ್ಮನ್ನೂ ಸೇರಿಸಿ.

ಇದೇ ಜೆಯಮೋಹನ್ 2015ರಲ್ಲಿ 'ಪಾಪನಾಶಂ' ಸಿನಿಮಾಕ್ಕೆ ಸಂಭಾಷಣೆ ಬರೆದವರು. 'ದೃಶ್ಯಂ' ಕತೆ ನಿಮಗೆಲ್ಲ ಗೊತ್ತು. ಮಗಳು ಮಾಡಿದ ಕೊಲೆ ಮುಚ್ಚಿಡೋಕೆ ಕೇಬಲ್ ಟಿವಿ ನಡೆಸೋ ಅಪ್ಪ ಹೂಡೋ ಉಪಾಯ. ಮಲಯಾಳಂನಲ್ಲಿ ಅವನು ಜಾರ್ಜ್‌ಕುಟ್ಟಿ, ಇಡುಕ್ಕಿಯ ಕ್ರಿಶ್ಚಿಯನ್ ರೈತ ಮನೆಯವನು. ನಮ್ಮ ರವಿಚಂದ್ರನ್ ಮಾಡಿದಾಗ ರಾಜೇಂದ್ರ ಪೊನ್ನಪ್ಪ. ತಮಿಳಲ್ಲಿ ಕಮಲ್ ಹಾಸನ್ ಮಾಡಿದ ಸುಯಂಬುಲಿಂಗಂ, ತಿರುನೆಲ್ವೇಲಿ ಕಡೆಯ ನಾಡಾರ್. ಅವನ ಮಾತಿನ ಧಾಟಿ, ಊಟ, ಜಿಪುಣತನ, ಹೆಂಡತಿ ಜೊತೆ ತಮಾಷೆ, ಒಂದೊಂದನ್ನೂ ಆ ಊರಿನ ಮಣ್ಣಲ್ಲಿ ಅದ್ದಿ ತೆಗೆದಿದ್ದಾರೆ. ಹೀರೋ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗಬೇಕಾದ್ರೆ ಅವನ ಮನೇನ ಹೊಸದಾಗಿ ಕಟ್ಟಬೇಕು.

ವಿಲನ್ ಹೋಗೋದು ಹೇಗೆ ಅಂತ ಈಗ ನೋಡಿ.

2003ರಲ್ಲಿ ತೆಲುಗಲ್ಲಿ 'ಒಕ್ಕಡು' ಬಂತು. ಹೈದರಾಬಾದಿನ ಕಬಡ್ಡಿ ಹುಡುಗ ಕರ್ನೂಲಿಗೆ ಹೋಗಿ ಅಲ್ಲಿನ ಫ್ಯಾಕ್ಷನ್ ಲೀಡರ್ ಓಬುಲ್ ರೆಡ್ಡಿ ಕೈಯಿಂದ ಹುಡುಗೀನ ಬಿಡಿಸ್ಕೊಂಡು ಬರ್ತಾನೆ. ಮರುವರ್ಷ ತಮಿಳಲ್ಲಿ 'ಗಿಲ್ಲಿ'. ಚೆನ್ನೈನ ಕಬಡ್ಡಿ ಹುಡುಗ ಮಧುರೈಗೆ ಹೋಗಿ ಮುತ್ತುಪಾಂಡಿ ಕೈಯಿಂದ ಹುಡುಗೀನ ಬಿಡಿಸ್ಕೊಂಡು ಬರ್ತಾನೆ. ಓಬುಲ್ ರೆಡ್ಡಿಯೂ ಪ್ರಕಾಶ್ ರಾಜ್, ಮುತ್ತುಪಾಂಡಿಯೂ ಪ್ರಕಾಶ್ ರಾಜ್. ಅದೇ ಕಣ್ಣು, ಅದೇ ಕಿರುಚಾಟ, ಅದೇ ಸುಮೋ ಗಾಡಿಗಳು. ಬದಲಾಗಿದ್ದು ಜಿಲ್ಲೆ ಹೆಸರು ಮಾತ್ರ. ರಾಯಲಸೀಮೆ ತೆಗೆದು ಮಧುರೈ ಹಾಕಿದ್ರು, ಕತೆಯಲ್ಲಿ ಒಂದು ಮೊಳೆಯೂ ಅಲ್ಲಾಡಲಿಲ್ಲ. ಎರಡು ವರ್ಷದ ಮೇಲೆ ಕನ್ನಡಕ್ಕೂ ಬಂತು, ಪುನೀತ್ ಅವರ 'ಅಜಯ್'.

(ತಮಿಳು ಸಿನಿಮಾದ ಅತ್ಯಂತ ಹೆಸರಾದ ಮಧುರೈ ವಿಲನ್ ಬೆಂಗಳೂರಿನ ಕನ್ನಡದ ಹುಡುಗ ಅನ್ನೋದನ್ನ ನೆನೆಸಿಕೊಂಡಾಗೆಲ್ಲ ನಮಗೆ ನಗು ಬರುತ್ತೆ. ಮಧುರೈಯವರು ಅದನ್ನೂ ಪ್ರೀತಿಯಿಂದ ಒಪ್ಪಿಕೊಂಡಿದ್ದಾರೆ. 2024ರಲ್ಲಿ ಗಿಲ್ಲಿ ಮತ್ತೆ ಬಿಡುಗಡೆ ಆದಾಗ ಮುತ್ತುಪಾಂಡಿ ಬಂದ್ರೂ ಶಿಳ್ಳೆ.)

ಪಾತ್ರದ ಊರನ್ನ ಹೀಗೆ ಕಿತ್ತು ಬೇರೆ ಊರು ಅಂಟಿಸಿದರೂ ಏನೂ ಆಗದಿದ್ರೆ, ಆ ಊರು ಅಲ್ಲಿ ಯಾಕೆ ಬೇಕಿತ್ತು? ಹೆದರಿಸೋಕೆ. ಥ್ರಿಲ್ಲರ್‌ಗೆ ಟೈಮ್ ಇರಲ್ಲ. ಎರಡೂವರೆ ಗಂಟೇಲಿ ಹೆಣ ಬೀಳಬೇಕು, ಅನುಮಾನ ಬರಬೇಕು, ಓಡಬೇಕು, ಸಿಕ್ಕಬೇಕು. ಒಬ್ಬ ಮನುಷ್ಯ ಯಾಕೆ ಕೆಟ್ಟ ಅಂತ ಹೇಳೋಕೆ ಇಪ್ಪತ್ತು ನಿಮಿಷ ಬೇಕಾಗುತ್ತೆ. 'ಮಧುರೈಯವನು' ಅನ್ನೋಕೆ ಎರಡು ಸೆಕೆಂಡು ಸಾಕು. ಉಳಿದದ್ದನ್ನ ಪ್ರೇಕ್ಷಕನೇ ತುಂಬ್ಕೋತಾನೆ. ಕೆಲವು ಸಲ ಬಾಯಿ ಬಿಟ್ಟು ಹೇಳೋದೂ ಬೇಡ, ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. 'ಜೈ ಭೀಮ್'ನಲ್ಲಿ (2021) ಕ್ರೂರಿ ಸಬ್ ಇನ್ಸ್‌ಪೆಕ್ಟರ್ ಮನೇಲಿ ನೇತಾಡ್ತಿದ್ದ ಅಗ್ನಿಕುಂಡದ ಕ್ಯಾಲೆಂಡರ್ ವನ್ನಿಯರ ಗುರುತು ಅಂತ ಗಲಾಟೆ ಆಗಿ, ಅದನ್ನ ತೆಗೆದು ಲಕ್ಷ್ಮೀ ಚಿತ್ರ ಹಾಕಬೇಕಾಯ್ತು.

ನಮ್ಮ ಪಕ್ಕದ ಮನೆಯವರಿಗೆ ಇದರಿಂದ ಏನಾಗಿದೆ ಅಂತ ನಮಗೆ ಗೊತ್ತು, ಅದನ್ನ ಹೇಳದೆ ಮುಂದೆ ಹೋಗೋ ಹಾಗಿಲ್ಲ. 2017ರ 'ತೀರನ್ ಅಧಿಗಾರಂ ಒಂಡ್ರು' ನೋಡಿದ್ದೀರಿ ತಾನೆ? ಉತ್ತರದಿಂದ ಲಾರೀಲಿ ಬಂದು ಮನೆ ಒಡೆದು ಕೊಲ್ತಿದ್ದ ದರೋಡೆಕೋರರು, ಹಿಡಿಯೋ ಪೊಲೀಸ್ ಅಧಿಕಾರಿ ಕಾರ್ತಿ. ನಿಜ ಪ್ರಕರಣದಿಂದ ತೆಗೆದದ್ದು, ಮೇಕಿಂಗ್ ಅದ್ಭುತ. ಹೀರೋಗೆ ಪ್ರೇಮ ಇದೆ, ಮದುವೆ ಇದೆ, ಹಾಡಿದೆ. ಕಳ್ಳರಿಗೆ ಇರೋದು ಕುಲದ ಇತಿಹಾಸ ಮಾತ್ರ, ಅವರ ವಂಶವೇ ಹೀಗೆ ಅನ್ನೋ ಪಾಠ. ಅದರಲ್ಲಿ ಬಂದ 'ಕುಟ್ರ ಪರಂಬರೈ' ಅನ್ನೋ ಮಾತಿಗೆ ವಿರೋಧ ಎದ್ದಿತು, ಚಿತ್ರತಂಡ ವಿಷಾದ ಹೇಳಬೇಕಾಯ್ತು.

ಹೊರಗಿನವರಿಗೆ ಅದು ಎರಡು ಪದ. ಥೇಣಿಯಿಂದ ಮಧುರೈಗೆ ಹೋಗೋ ದಾರೀಲಿ ಉಸಿಲಂಪಟ್ಟಿ ಸಿಗುತ್ತಲ್ಲ, ಅದರ ಹತ್ತಿರ ಪೆರುಂಗಾಮನಲ್ಲೂರು. ಹುಟ್ಟಿನಿಂದಲೇ ಅಪರಾಧಿಗಳು ಅಂತ ಬ್ರಿಟಿಷರು ಮಾಡಿದ ಕಾನೂನಿನ ಪ್ರಕಾರ ಬೆರಳಚ್ಚು ಕೊಡಲ್ಲ ಅಂದ ಪಿರಮಲೈ ಕಳ್ಳರ್ ಜನರ ಮೇಲೆ 1920ರ ಏಪ್ರಿಲ್ 3ರಂದು ಅಲ್ಲಿ ಗುಂಡು ಹಾರಿಸಿದ್ರು. ಕಾನೂನು 1871ರದ್ದು, ದೇಶದ ಪುಸ್ತಕದಿಂದ ಹೋಗಿದ್ದು 1952ರಲ್ಲಿ. ಮಧುರೈ, ಥೇಣಿ, ದಿಂಡಿಗಲ್ ಜಿಲ್ಲೆಗಳಲ್ಲಿ 'ಕಳ್ಳರ್ ಸೀರಮೈಪ್ಪು' ಶಾಲೆಗಳು ಇವತ್ತಿಗೂ ಇವೆ. ಆ ಬೋರ್ಡಿನ ಕೆಳಗೆ ಬೆಳೆದ ಹುಡುಗರು ನಮ್ಮ ಗೆಳೆಯರು. ಟಾಕೀಸಲ್ಲಿ ಪಕ್ಕದ ಸೀಟಲ್ಲಿ ಕೂತು ಆ ಮಾತು ಕೇಳಿಸ್ಕೊಂಡವರೂ ಅವರೇ.

ಇಷ್ಟು ಓದಿದ ಮೇಲೆ 'ನಮ್ಮ ಕಣಿವೆಯ ಕನ್ನಡಿಗರನ್ನ ಯಾವ ಸಿನಿಮಾನೂ ತೋರಿಸಿಲ್ಲವಲ್ಲ' ಅಂತ ನಮ್ಮ ಹುಡುಗರು ಕೇಳ್ತಾರೆ. ನಿಜ. ಭಾರತಿರಾಜಾ ಥೇಣಿಯ ಅಲ್ಲಿನಗರದವರು, ಇಳೆಯರಾಜಾ ಪಣ್ಣೈಪುರದವರು. ಈ ಮಣ್ಣಿಂದ ಎದ್ದ ಸಿನಿಮಾ ಅಷ್ಟಿಷ್ಟಲ್ಲ. ಆದ್ರೆ ಅದರಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನ ಕನ್ನಡದಲ್ಲಿ ಬೈಯೋದನ್ನ ನಾವು ನೋಡಿಲ್ಲ. ಕೊಂಬೈ ಹೆಸರೇ ತಗೊಳ್ಳಿ. 2023ರ ದೀಪಾವಳಿಗೆ ಬಂದ 'ಜಿಗರ್‌ಥಂಡಾ ಡಬಲ್ ಎಕ್ಸ್'ನ ಎರಡನೇ ಅರ್ಧ ನಡೆಯೋದೇ ಕೊಂಬೈ ಕಾಡಲ್ಲಿ. ನಮ್ಮೂರ ಹೆಸರು ಕೇಳಿ ನಾವು ಕುಣಿದ್ವಿ. ಅಲ್ಲಿ ಕಂಡಿದ್ದು ಆನೆ, ಆನೆ ಬೇಟೆಗಾರ, ಮುಗ್ಧ ಕಾಡು ಜನ, ಕೊನೆಗೆ ಅವರ ಹತ್ಯಾಕಾಂಡ. ಸಿನಿಮಾ ಕಾಡಿನವರ ಪರವಾಗೇ ಇದೆ, ಪೊಲೀಸರನ್ನ ಬಿಡಲ್ಲ, ಅದು ಮೆಚ್ಚಬೇಕಾದ್ದು. ಆದ್ರೂ ನಿಜವಾದ ಕೊಂಬೈಯಲ್ಲಿ ತೆಂಗಿನ ತೋಟ ಇದೆ, ಬಸ್ ಸ್ಟ್ಯಾಂಡ್ ಇದೆ, ನಾಡಿಗೆಲ್ಲ ಗೊತ್ತಿರೋ ಕೊಂಬೈ ನಾಯಿ ಇದೆ, ಮೂರು ಭಾಷೇಲಿ ಸಾಲ ಕೇಳೋ ಜನ ಇದ್ದಾರೆ. ಬೆಟ್ಟದಲ್ಲಿ ಪಳಿಯರೂ ಇದ್ದಾರೆ. ಅವರು ರೇಷನ್ ಅಂಗಡೀಲಿ ನಮ್ಮ ಜೊತೆ ಕ್ಯೂ ನಿಲ್ಲೋರು, ಸಾಯೋಕೆ ಅಂತ ಕಾದು ಕೂತೋರಲ್ಲ. ಕರುಣೆಯಿಂದ ಮಾಡಿದ ಅಚ್ಚೂ ಅಚ್ಚೇ.

ಹಾಗಾಗಿ ನಮ್ಮನ್ನೂ ತೋರಿಸಿ ಅಂತ ಕೇಳೋಕೆ ಮುಂಚೆ ಒಂದ್ಸಲ ಯೋಚನೆ ಮಾಡಿ. ತೋರಿಸಿದವರ ಗತಿ ನೋಡಿದ್ದೀವಲ್ಲ.

ಈಗ ಕಷ್ಟದ ಮಾತು. ನಮ್ಮ ಸ್ವಂತ ಕನ್ನಡ ಸಿನಿಮಾ.

2012ರ 'ದಂಡುಪಾಳ್ಯ' ನಮ್ಮ ಹುಡುಗರ ಫೋನಲ್ಲೆಲ್ಲ ಇತ್ತು. ಹೊಸಕೋಟೆ ಹತ್ತಿರದ ಒಂದು ಊರಿನ ಹೆಸರದು. ಗ್ಯಾಂಗಿನ ಅಪರಾಧ ನಿಜ, ಕೋರ್ಟು ಶಿಕ್ಷೆ ಕೊಟ್ಟಿದ್ದೂ ನಿಜ. ಆದ್ರೆ ಆ ಊರಲ್ಲಿ ಹುಟ್ಟಿದ ಹುಡುಗಿ ಕಾಲೇಜಲ್ಲಿ 'ನಿಮ್ಮೂರು ಯಾವ್ದು' ಅಂದಾಗ ಏನು ಹೇಳಬೇಕು? ಸಿನಿಮಾ ಗೆದ್ದಿತು, ಮುಂದಿನ ಭಾಗಗಳೂ ಬಂದವು, ಊರಿನ ಹೆಸರೇ ಬೈಗುಳ ಆಯ್ತು. ಇನ್ನು ಬೆಂಗಳೂರಿನ ರೌಡಿ ಸಿನಿಮಾಗಳು. ಮಚ್ಚು ಹಿಡಿದ ಹೀರೋ ಅಚ್ಚ ಕನ್ನಡ ಮಾತಾಡ್ತಾನೆ, ತಾಯಿ ಪಾದ ಮುಟ್ತಾನೆ. ಸುಪಾರಿ ತಗೊಂಡು ಬರೋ ಸ್ಲಂ ಪುಡಾರಿ ತಮಿಳು ಬೆರೆಸಿದ ಕನ್ನಡ ಮಾತಾಡ್ತಾನೆ, ಕಪ್ಪಗಿರ್ತಾನೆ, ಹೆಸರು ಸೆಲ್ವನೋ ಮಣಿಯೋ. ಅವನ ತಾಯಿ ಯಾವ ಸಿನಿಮಾದಲ್ಲೂ ಬರಲ್ಲ.

ಆ ತಮಿಳು ಬೆರೆಸಿದ ಕನ್ನಡ ಇದೆಯಲ್ಲ, ಅದು ನಮ್ಮದು ಗೆಳೆಯರೇ. ಬೇರೆ ಯಾರದೂ ಅಲ್ಲ. ಕಂಬಂನಿಂದ ಬೆಂಗಳೂರಿಗೆ ಹೋದ ಹುಡುಗ ಬಾಯಿ ಬಿಟ್ರೆ ಬರೋದು ಅದೇ ರಾಗ. ತನ್ನ ತಾಯಿಯಿಂದ ಕಲಿತ ಕನ್ನಡಾನ ಅವನು ಆಡಿದ್ರೆ ಪಿ.ಜಿ. ರೂಮಲ್ಲಿ ಯಾವುದೋ ಸಿನಿಮಾ ರೌಡಿ ಡೈಲಾಗು ಹೇಳಿ ನಗ್ತಾರೆ. ಹಾಗಾಗಿ ಅವನು ಬೆಂಗಳೂರಲ್ಲಿ ಇಂಗ್ಲಿಷ್ ಮಾತಾಡ್ತಾನೆ, ತಮಿಳನು ಅಂತಾನೇ ಹೇಳ್ಕೋತಾನೆ. ಕನ್ನಡದ ಊರಲ್ಲಿ ಕನ್ನಡ ಮುಚ್ಚಿಡ್ತಾನೆ! 2016ರ ಸೆಪ್ಟೆಂಬರಲ್ಲಿ ಕಾವೇರಿ ಗಲಾಟೆಗೆ ತಮಿಳುನಾಡು ನಂಬರಿನ ಬಸ್ಸುಗಳು ಬೆಂಗಳೂರಲ್ಲಿ ಸುಟ್ಟಾಗ ನಮ್ಮ ಪೈಕಿ ಒಬ್ಬ ತನ್ನ ಬೈಕಿನ ಟಿಎನ್ 60 ಪ್ಲೇಟಿಗೆ ಗೋಣಿಚೀಲ ಕಟ್ಟಿ ಮೂರು ದಿನ ರೂಮಲ್ಲೇ ಕೂತಿದ್ದ. ಅದೇ ದಿನಗಳಲ್ಲಿ ಅವನ ಅಪ್ಪ ಇಲ್ಲಿ, ಬೀದೀಲಿ ಕನ್ನಡದಲ್ಲಿ ಫೋನ್ ಮಾಡಬೇಡ ಅಂತ ಮನೆಯವರಿಗೆ ಹೇಳ್ತಿದ್ರು.

'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' (2018) ಬಂದಾಗ ಗಡಿಯ ನಾವೆಲ್ಲ ಅತ್ತಿದ್ದೀವಿ. ಅದು ಥ್ರಿಲ್ಲರ್ ಅಲ್ಲ, ಆದ್ರೂ ಹೇಳ್ತೀವಿ. ಗಡಿನಾಡ ಕನ್ನಡದ ಮಗು ಮಧ್ಯದಲ್ಲಿ ನಿಂತ ಅಪರೂಪದ ಸಿನಿಮಾ, ಸಮಸ್ಯೆ ನೂರಕ್ಕೆ ನೂರು ನಿಜ. ಅದರಲ್ಲೂ ಮಲಯಾಳಿ ಅಧಿಕಾರಿ ಬರೋ ಹೊತ್ತಿಗೆ ಮನುಷ್ಯ ಹೋಗಿ ಅಚ್ಚು ಬಂತು. ಕಾಸರಗೋಡಿನ ಗೆಳೆಯರು ಬೈದರೂ ಪರವಾಗಿಲ್ಲ, ಈ ಮಾತು ವಾಪಸ್ ತಗೊಳ್ಳಲ್ಲ.

ನಮ್ಮ ಕಣಿವೆ ಸಿನಿಮಾ ವಿರುದ್ಧ ಎದ್ದು ನಿಲ್ಲದ ಕಣಿವೆಯೇನಲ್ಲ. 2011ರಲ್ಲಿ 'ಡ್ಯಾಂ 999' ಬಂದಾಗ ಮುಲ್ಲೈಪೆರಿಯಾರ್ ಒಡೆಯುತ್ತೆ ಅಂತ ಹೆದರಿಸೋ ಸಿನಿಮಾ ಅಂತ ಹೇಳಿ ತಮಿಳುನಾಡು ಸರ್ಕಾರವೇ ತಡೆ ಹಾಕ್ತು. 2025ರಲ್ಲಿ 'ಎಂಪುರಾನ್'ನ ಅಣೆಕಟ್ಟಿನ ಮಾತುಗಳಿಗೆ ಇಲ್ಲಿನ ರೈತರು ವಿರೋಧ ಮಾಡಿದ್ರು. 1895ರಿಂದ ಆ ನೀರೇ ನಮ್ಮ ಗದ್ದೆ, ಎದ್ದು ನಿಲ್ಲಬೇಕಾದ್ದೇ. ಅಣೆಕಟ್ಟಿನ ಮಾನ ಕಾಯೋ ನಾವು ಮನುಷ್ಯನ ಮಾನದ ವಿಷಯ ಬಂದಾಗ ಪಾಪ್‌ಕಾರ್ನ್ ತಿಂತಾ ಕೂತಿರ್ತೀವಿ. ಈ ಪೇಜಿಗೆ ನೀವು ಕಳಿಸೋ ಕ್ಲಿಪ್ಪುಗಳನ್ನೇ ನೋಡಿ. 'ತಮಿಳು ಸಿನಿಮಾದಲ್ಲಿ ಕನ್ನಡಕ್ಕೆ ಅವಮಾನ, ಶೇರ್ ಮಾಡಿ' ಅಂತ ಬರೋವು ಎಷ್ಟು! ಕನ್ನಡ ಸಿನಿಮಾದಲ್ಲಿ ಸೆಲ್ವನಿಗೆ ಆದ ಅವಮಾನದ ಒಂದು ಕ್ಲಿಪ್ಪೂ ಇಲ್ಲೀವರೆಗೆ ಬಂದಿಲ್ಲ. ಇನ್ಮೇಲೆ ಅವನ್ನೂ ಹಾಕ್ತೀವಿ. ಬ್ಯಾನ್ ಮಾಡಿ ಅಂತ ಕೂಗೋಕೆ ಅಲ್ಲ. ಸೆಲ್ವನಿಗೂ ಒಂದು ಮನೆ ಕೊಡಿ, ಅವನು ಮಚ್ಚು ಹಿಡಿಯೋಕೆ ಅವನದೇ ಕಾರಣ ಕೊಡಿ, ಆಮೇಲೆ ಎಷ್ಟು ಬೇಕಾದ್ರೂ ಕೆಟ್ಟವನಾಗಲಿ ಅಂತ ಕೇಳೋಕೆ.

ಇದೆಲ್ಲ ಹೇಳೋದು ಸುಲಭ. ನಮ್ಮ ಹುಡುಗರೇ ನಾಲ್ಕು ಜನ ಸೇರಿ ಫೋನಲ್ಲಿ ಒಂದು ಚಿಕ್ಕ ಥ್ರಿಲ್ಲರ್ ತೆಗೀತಿದ್ದಾರೆ, ಕನ್ನಡದಲ್ಲಿ. ಬೋಡಿಯ ಏಲಕ್ಕಿ ಹರಾಜಿಗೆ ಹೊರಟ ಮೂಟೆ ರಾತ್ರಿ ಘಟ್ಟದಲ್ಲಿ ಕಾಣೆಯಾಗೋ ಕತೆ. ಮೊದಲ ಸಲ ಬರೆದಾಗ ಕಳ್ಳ ಮಲಯಾಳಿ ವ್ಯಾಪಾರಿ ಆಗಿದ್ದ. ಯಾಕೋ ಅಂದ್ರೆ 'ಸುಮ್ನೆ, ಹಾಗೇ ಬಂತು' ಅಂದ್ರು. ಎರಡನೇ ಸಲ ಉಸಿಲಂಪಟ್ಟಿಯವನಾದ. ಅದಕ್ಕೂ ಜಗಳ ಆಯ್ತು. ಮೂರನೇ ಸಲಕ್ಕೆ ಕಳ್ಳ ನಮ್ಮ ಬೀದಿಯವನೇ, ಕನ್ನಡದವನೇ, ತಂಗಿ ಮದುವೆ ಸಾಲಕ್ಕೆ ಮೂಟೆ ಎತ್ತಿದವನು. ಕತೆ ಈಗ ನಿಜವಾಗ್ಲೂ ಎದೆ ಡವಗುಟ್ಟಿಸುತ್ತೆ.

ತೊಂದರೆ ಒಂದೇ. ಆ ಪಾತ್ರ ಮಾಡೋಕೆ ನಾಲ್ವರಲ್ಲಿ ಯಾರೂ ಒಪ್ತಿಲ್ಲ, ಊರವರು ನಾಳೆ ಏನಂದಾರು ಅಂತ. ಯಾರಾದ್ರೂ ಮಾಡೋರಿದ್ರೆ ಪೇಜಿಗೆ ಮೆಸೇಜ್ ಹಾಕಿ.